ಮದ್ದಿನ ತೊಕುಜಿ ಆಟಕ್ಕೆ ಕೂತ ಮೂರು ದಿನ

ಮಿಜುಹಾಶಿ ಊರಿನ ನೊಸಾಕಾ ತೊಕುಜಿ ತನ್ನ ಸ್ವಂತ ಮನೆಗೆ ಬಂದರೂ ಬಾಗಿಲಲ್ಲಿ ನಿಂತು "ಯಾರಾದ್ರೂ ಇದೀರಾ?" ಎಂದು ಕೂಗಿ, ಉತ್ತರ ಬರುವ ತನಕ ಚಪ್ಪಲಿ ಬಿಡದ ಮನುಷ್ಯ. ಅಡುಗೆಮನೆಯಿಂದ ಹೆಂಡತಿ ಮಸಾನೊ, "ಇದೀನಿ, ಬನ್ನಿ. ಇದು ನಿಮ್ಮದೇ ಮನೆ ಕಣ್ರೀ. ಅಪ್ಪಣೆ ಚೀಟಿ ಬರೆದುಕೊಡ್ಲಾ?" ಎನ್ನುತ್ತಿದ್ದಳು. ಅವನು ಅದಕ್ಕೂ ಒಮ್ಮೆ ತಲೆಬಾಗಿಸಿಯೇ ಚಪ್ಪಲಿ ಬಿಡುವ ತಗ್ಗಿನಿಂದ ಮೇಲೆ ಹತ್ತುತ್ತಿದ್ದ. ಮೂವತ್ತೆಂಟು ವರ್ಷ ಬೇರೆಯವರ ಬಾಗಿಲಲ್ಲಿ ನಿಂತು ಬದುಕಿದವನ ಅಭ್ಯಾಸ ಒಂದು ವರ್ಷ ಮನೆಯಲ್ಲಿ ಕೂತ ಮಾತ್ರಕ್ಕೆ ಎಲ್ಲಿ ಹೋದೀತು.

ಅವನ ಕಸುಬು ಮದ್ದು ಮಾರುವುದು. ಆ ಕಡೆಯ ಬೀದಿಗಳಲ್ಲಿ ಅರ್ಧಕ್ಕರ್ಧ ಗಂಡಸರದ್ದು ಅದೇ ಕಸುಬಾಗಿದ್ದ ಕಾಲವೂ ಇತ್ತು. ಹೆಣೆದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ದೊಡ್ಡ ಬಟ್ಟೆಯಲ್ಲಿ ಗಂಟು ಕಟ್ಟಿ, ಬೆನ್ನಿಗೇರಿಸಿಕೊಂಡು ವರ್ಷಕ್ಕೆರಡು ಸಲ ಶಿನ್ಶು ಬೆಟ್ಟದ ಹಳ್ಳಿಗಳಿಗೆ ಹೊರಟರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಅಲ್ಲಿ ಪ್ರತಿ ಮನೆಯ ಕಪಾಟಿನಲ್ಲೂ ಇವನು ಇಟ್ಟುಬಂದ ಕೆಂಪು ಡಬ್ಬಿಯೊಂದು ಇರುತ್ತಿತ್ತು. ಡಬ್ಬಿ ತೆರೆದು, ಏನು ಖರ್ಚಾಗಿದೆ ನೋಡಿ, ಅದಕ್ಕಷ್ಟೇ ದುಡ್ಡು ಪಡೆದು, ಹಳತು ತೆಗೆದು ಹೊಸತು ತುಂಬಿ, ಮಕ್ಕಳಿಗೊಂದು ಕಾಗದದ ಬಲೂನು ಊದಿ ಕೊಟ್ಟು ಮುಂದಿನ ಮನೆಗೆ ಹೋಗುವುದು. ಯಾರ ಮನೆಯಲ್ಲಿ ಯಾರಿಗೆ ಕೆಮ್ಮು, ಯಾರ ಸೊಸೆ ಬಸುರಿ, ಯಾವ ಅಜ್ಜನಿಗೆ ನಿದ್ದೆ ಬರುವುದಿಲ್ಲ, ಎಲ್ಲವೂ ಅವನ ಉದ್ದನೆಯ ಪುಸ್ತಕದಲ್ಲಿ ಇರುತ್ತಿತ್ತು. ಹೋದ ವರ್ಷ ಬಲಮಂಡಿ ಕೈಕೊಟ್ಟಿತು. ಕಸುಬು ನಿಂತಿತು. ಪುಸ್ತಕದಲ್ಲಿ ಇನ್ನೂ ಅರವತ್ತು ಪುಟ ಖಾಲಿ ಉಳಿದದ್ದು ಅವನಿಗೆ ಮಂಡಿಗಿಂತ ಹೆಚ್ಚು ನೋವು ಕೊಡುತ್ತಿತ್ತು.

ಮಗಳು ಚಿಗುಸಾ ಟೋಕಿಯೋದಲ್ಲಿ ವಿಡಿಯೋ ಗೇಮ್ ಮಾಡುವ ಹನ್ನೊಂದು ಜನರ ಕಂಪನಿಯಲ್ಲಿದ್ದಳು. ಅವಳೇನು ಮಾಡುತ್ತಾಳೆಂದು ನೆರೆಹೊರೆಯವರು ಕೇಳಿದರೆ, "ಟೀವಿ ಒಳಗಿನ ಜನಕ್ಕೆ ಮಾತು ಕಲಿಸ್ತಾಳೆ" ಎನ್ನುತ್ತಿದ್ದಳು ಮಸಾನೊ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ತೊಂಬತ್ತನಾಲ್ಕರ ಆಗಸ್ಟ್, ಕಂಡುಕೇಳರಿಯದ ಸೆಕೆ. ಒಬೋನ್ ರಜೆಗೆ ಊರಿಗೆ ಬಂದ ಚಿಗುಸಾ, ಹಿರಿಯರ ಸಮಾಧಿಗೆ ನೀರೆರೆದು ದೀಪವಿಟ್ಟು ಬಂದ ಸಂಜೆ, ಐಸ್ ನೀರಲ್ಲಿ ತೇಲುತ್ತಿದ್ದ ಶಾವಿಗೆಯ ಮುಂದೆ ಕೂತು ಬಾಯಿಬಿಟ್ಟಳು.

"ಅಪ್ಪ, ನಿಮ್ಮಿಂದ ಒಂದು ಕೆಲಸ ಆಗ್ಬೇಕು. ಹೊಸ ಆಟದ ಕ್ಯಾಸೆಟ್ ತಂದಿದೀನಿ. ಇನ್ನೂ ಅಂಗಡಿಗೆ ಬಂದಿಲ್ಲ. ಆಡಿ ನೋಡಿ, ಮೊದಲಿಗೆ ಏನನ್ನಿಸ್ತು ಅಂತ ಬರೆದುಕೊಡ್ಬೇಕು."

"ನಿಮ್ಮಪ್ಪನ ಕೈಯಲ್ಲಿ ಟೀವಿ ರಿಮೋಟೇ ತಲೆಕೆಳಗಾಗಿರುತ್ತೆ," ಎಂದಳು ಮಸಾನೊ. "ಪಕ್ಕದ ಮನೆ ಮಕ್ಕಳನ್ನ ಕರಿ."

"ಆಟ ಬಲ್ಲವರೇ ಹತ್ತೊಂಬತ್ತು ಜನ ಆಡಿ ಆಯ್ತಮ್ಮ. ಅದರಲ್ಲಿ ನಾನು ಒಂದು ಕಡೆ ಒಂದನ್ನ ಬಚ್ಚಿಟ್ಟಿದೀನಿ. ಒಬ್ಬರಿಗೂ ಸಿಗಲಿಲ್ಲ. ಯಾರಿಗೂ ಸಿಗದೇ ಇರೋದಕ್ಕೆ ಕ್ಯಾಸೆಟ್‌ನಲ್ಲಿ ಜಾಗ ಯಾಕೆ ದಂಡ ಅಂತಾರೆ ನಮ್ಮ ಯಜಮಾನ್ರು. ಅದನ್ನ ಕಿತ್ತು ಅಲ್ಲಿ ಆರು ಕೈ ರಾಕ್ಷಸನ್ನ ಕೂರಿಸ್ತಾರಂತೆ."

"ಆರು ಕೈ ಯಾಕೆ ಅವನಿಗೆ?" ಎಂದ ತೊಕುಜಿ.

"ನಾನೂ ಅದನ್ನೇ ಕೇಳ್ದೆ. ರಜೆ ಮುಗಿಯೋದ್ರೊಳಗೆ ಹೊರಗಿನವರು ಒಬ್ಬರು ತಾವಾಗೇ ಕಂಡುಹಿಡಿದು, ಕೈಯಾರೆ ಬರೆದುಕೊಟ್ರೆ ಅದನ್ನ ಉಳಿಸ್ತಾರಂತೆ. ನಾನು ಸುಳಿವು ಕೊಡೋ ಹಾಗಿಲ್ಲ. ನಿಮ್ಮ ಮಗಳು ಸುಳ್ಳು ಹೇಳಲ್ಲ ಅಂತ ಅವರಿಗೂ ಗೊತ್ತು." ಚಿಗುಸಾ ಶಾವಿಗೆಯನ್ನು ಸುಮ್ಮನೆ ಊಟದ ಕಡ್ಡಿಯಲ್ಲಿ ತಿರುವಿದಳು. "ಅದು ನನಗೆ ಬೇಕಪ್ಪ."

ಈ ಕೊನೆಯ ಮಾತು ತೊಕುಜಿಯ ಎದೆಗೆ ನಾಟಿತು. ಅವಳು ಬೆಳೆದ ವರ್ಷಗಳಲ್ಲಿ ಅರ್ಧ ಕಾಲ ಅವನು ಬೆಟ್ಟದಲ್ಲಿದ್ದ. ಮನೆಯಲ್ಲಿಲ್ಲದ ಅಪ್ಪನ ಹತ್ತಿರ ಏನನ್ನು ಕೇಳಿಯಾಳು ಮಗು. ಹಾಗಾಗಿ ಅವಳು ಕೇಳಿದ್ದು ಕಡಿಮೆ, ಅವನು ಕೊಟ್ಟದ್ದೂ ಕಡಿಮೆ. ಹದಿನಾರನೆಯ ತಾರೀಖು ಮಧ್ಯಾಹ್ನ ಅವಳ ರೈಲು. ನಡುವೆ ಎರಡೂವರೆ ದಿನ.

ಮರುದಿನ ಊಟವಾದ ಮೇಲೆ ಚಿಗುಸಾ ಟೀವಿಗೆ ಆಟದ ಯಂತ್ರ ಜೋಡಿಸಿಕೊಟ್ಟಳು, ತೊಕುಜಿ ಅದರ ಮುಂದೆ ಕಾಲು ಚಾಚಿ ಕೂತ. ಪಕ್ಕದಲ್ಲಿ ತನ್ನ ಹಳೆಯ ಉದ್ದ ಪುಸ್ತಕ, ಪೆನ್ಸಿಲು. ಹೊರಗೆ ಜೀರುಂಡೆಗಳು ಕಿವಿ ತುಂಬುತ್ತಿದ್ದವು. ಸೂರಿನ ಗಾಳಿಗಂಟೆ ಗಾಳಿಯಿಲ್ಲದೆ ಸುಮ್ಮನೆ ತೂಗಿಕೊಂಡಿತ್ತು. ಆಟ ಅವನ ಹೆಸರು ಕೇಳಿತು. ಅವನು ಊರು, ಮನೆತನ, ಕಸುಬು ಎಲ್ಲ ಹೇಳಹೊರಟರೆ ಅದರಲ್ಲಿ ನಾಲ್ಕೇ ಅಕ್ಷರಕ್ಕೆ ಜಾಗ. ಕೊನೆಗೆ ಬರೀ 'ಮದ್ದು' ಎಂದು ಹಾಕಿದ.

ಪರದೆಯ ಮೇಲೆ ಬೆರಳ ತುದಿಯಷ್ಟು ಹುಡುಗಿ, ಕೈಯಲ್ಲಿ ಕೊಡೆ, ಬೆನ್ನಿಗೆ ಖಾಲಿ ಭರಣಿ. ಆ ನಾಡಿನ ಬೆಟ್ಟ ಪ್ರತಿಧ್ವನಿಯನ್ನು ಕಳೆದುಕೊಂಡಿದೆ. ಕೂಗಿದರೆ ಮಾತು ಮರಳುವುದಿಲ್ಲ. ಅಂದಿನಿಂದ ಊರಿನ ಜನರಿಗೆ ಒಬ್ಬೊಬ್ಬರಿಗೂ ಒಂದೊಂದೇ ವಾಕ್ಯ ಉಳಿದಿದೆ, ಅದನ್ನೇ ಹೇಳುತ್ತಾ ಓಡಾಡುತ್ತಾರೆ. ಹುಡುಗಿ ಮನೆಮನೆ ತಿರುಗಿ ಭರಣಿಗೆ ದನಿಗಳನ್ನು ತುಂಬಿಕೊಂಡು ಬೆಟ್ಟಕ್ಕೆ ಒಯ್ಯಬೇಕು. ದಾರಿಯಲ್ಲಿ ಅಡ್ಡಗಟ್ಟುವವರೂ ವಿಚಿತ್ರ: ಮೂಲೆಗೆ ಬಿದ್ದ ಸಿಟ್ಟಿಗೆ ಕುದಿಯುವ ಕೆಟಲು, ಜೋಡಿ ಕಳೆದುಕೊಂಡು ಅಳುವ ಚಪ್ಪಲಿ, ಬಿಸಿಲಿಗೆ ಹಾಕಲಿಲ್ಲವೆಂದು ಮುನಿದ ಹಾಸಿಗೆ. ಅವನ್ನು ಕೊಡೆಯಲ್ಲಿ ಬಡಿಯಲೂಬಹುದು, ಪಕ್ಕದಲ್ಲಿ ಕೂತು ಸಿಟ್ಟು ಇಳಿಯುವ ತನಕ ಕಾಯಲೂಬಹುದು. ತೊಕುಜಿ ಎಲ್ಲರ ಪಕ್ಕದಲ್ಲೂ ಕೂತ.

ಮನೆಗಳದೇ ಕಷ್ಟವಾಯಿತು. ಒಳಗೆ ಜನ ಕಾಣುತ್ತಿದ್ದರು, ಆದರೆ ಮೇಲೆ ಹತ್ತು ಎಂದು ಯಾರೂ ಕರೆಯುತ್ತಿರಲಿಲ್ಲ. ತೊಕುಜಿ ಹುಡುಗಿಯನ್ನು ಚಪ್ಪಲಿ ಬಿಡುವ ತಗ್ಗು ನೆಲದಲ್ಲೇ ನಿಲ್ಲಿಸಿಕೊಂಡು, ಮನೆಯವರು ಓಡಾಡುತ್ತಾ ತಾವಾಗಿ ಹತ್ತಿರ ಬಂದಾಗ ಮಾತಾಡಿಸುತ್ತಿದ್ದ. ಏಳು ಮನೆಯ ಮೊದಲ ಹಳ್ಳಿ ಮುಗಿಯಲು ಎರಡು ತಾಸು ಹಿಡಿಯಿತು. ಚಿಗುಸಾ ನಕ್ಕು ನಕ್ಕು ಚಾಪೆಯ ಮೇಲೆ ಉರುಳಿದಳು.

"ಅಪ್ಪ, ಹತ್ತಿ ಹೋಗಬಹುದು. ಆಟ ಇದು."

"ಕರೆಯದೆ ಹೆಂಗೆ ಹತ್ತೋದು? ಅವರ ಮನೆ ಅದು."

"ಕಪಾಟನ್ನೂ ತೆರೀಬಹುದು. ಎಲ್ಲರೂ ಹಾಗೇ ಮಾಡ್ತಾರೆ."

"ಎಲ್ಲರೂ ಅಂದ್ರೆ ಕಳ್ಳರು," ಎಂದ ತೊಕುಜಿ, ಮತ್ತೆ ಬಾಗಿಲಲ್ಲೇ ನಿಂತ.

ಸಂಜೆ ಪುಸ್ತಕದ ಖಾಲಿ ಪುಟದಲ್ಲಿ ಅವನು ಬರೆದದ್ದು ಹೀಗಿತ್ತು. 'ಮೊದಲ ಹಳ್ಳಿ, ಏಳು ಮನೆ. ಎರಡನೆಯ ಮನೆ ಯಜಮಾನರು ಎಷ್ಟು ಸಲ ಮಾತಾಡಿಸಿದರೂ ಇವತ್ತು ಗಾಳಿ ಚೆನ್ನಾಗಿದೆ ಎನ್ನುತ್ತಾರೆ. ಮರೆವಿನ ಲಕ್ಷಣ. ಮನೆಯವರಿಗೆ ತಿಳಿಸಬೇಕು. ಬಾವಿಯ ಬಳಿಯ ಹೆಂಗಸು ನಿಂತಲ್ಲೇ ಸುತ್ತುತ್ತಾಳೆ. ತಲೆಸುತ್ತಿಗೆ ಮದ್ದು. ಕೆಟಲು ಒಳ್ಳೆಯವನು, ಒಂಟಿ. ಊರಿನಲ್ಲಿ ಒಂದೂ ಬಚ್ಚಲುಮನೆ ಕಾಣಲಿಲ್ಲ.' ಚಿಗುಸಾ ಅದನ್ನು ಎರಡು ಸಲ ಓದಿ, ಈ ಸಲ ನಗದೆ ಪುಸ್ತಕ ಮುಚ್ಚಿಟ್ಟಳು.

ಬಚ್ಚಿಟ್ಟದ್ದು ಮಾತ್ರ ಸಿಗಲಿಲ್ಲ. ಹದಿನೈದರಂದು ತೊಕುಜಿ ಬೆಳಿಗ್ಗೆಯೇ ಕೂತ. ಮರಗಳ ಹಿಂದೆ ನೋಡಿದ, ಸೇತುವೆಯ ಕೆಳಗೆ ಇಣುಕಿದ, ಪ್ರತಿಯೊಂದು ಕಲ್ಲಿನ ಮುಂದೆಯೂ ಗುಂಡಿ ಒತ್ತಿದ. ಸೆಕೆಗೆ ಕಣ್ಣು ಎಳೆಯುತ್ತಿತ್ತು. ಪರದೆಯ ಹಸಿರು ದಾರಿ ಮೆಲ್ಲಗೆ ಶಿನ್ಶುವಿನ ದಾರಿಯಾಗುತ್ತಿತ್ತು. ಇಲ್ಲೊಂದು ತಿರುವು, ತಿರುವಿಗೊಂದು ಕಲ್ಲಿನ ಬುದ್ಧ, ಆಮೇಲೆ ಬಿಳಿ ಹೂವಿನ ಹೊಲ ಎಂದುಕೊಂಡು ಕಣ್ಣು ಬಿಟ್ಟರೆ ಅಲ್ಲಿ ಕೊಡೆ ಹಿಡಿದ ಹುಡುಗಿ ಅವನಿಗಾಗಿ ನಿಂತಿರುತ್ತಿದ್ದಳು. ಬೆನ್ನಿಗೆ ಪೆಟ್ಟಿಗೆಯ ಭಾರ ತಗುಲಿದಂತಾಗಿ ಅವನು ಹೆಗಲು ಸರಿಮಾಡಿಕೊಳ್ಳುತ್ತಿದ್ದ. ಬಹಳ ದಿನಗಳ ಮೇಲೆ ಅವನಿಗೆ ನಡೆಯುವ ಸುಖ ಸಿಕ್ಕಿತ್ತು, ಅದೂ ಮಂಡಿ ನೋಯದೆ.

ಮಧ್ಯಾಹ್ನ ಬೆಟ್ಟದ ಬುಡದ ಕೊನೆಯ ಹಳ್ಳಿಗೆ ಬಂದ. ಅದರ ಕೊನೆಯ ಮನೆ ಉಳಿದವುಗಳಿಂದ ದೂರ, ಇಳಿಜಾರಿನ ಮೇಲೆ. ಹುಡುಗಿ ಬಾಗಿಲು ದಾಟಿ ತಗ್ಗು ನೆಲದಲ್ಲಿ ನಿಂತಳು. ಒಳಗೆ ಯಾರೂ ಇಲ್ಲ. ಒಂದು ಕಪಾಟು, ಆರಿದ ಒಲೆ, ಹಿಂದೆ ಮುಚ್ಚಿದ ಕಾಗದದ ಬಾಗಿಲು. ತೊಕುಜಿ ಅಭ್ಯಾಸದಂತೆ ಕೈಬಿಟ್ಟು ಕಾದ. ಪಕ್ಕದಲ್ಲಿ ಕಲ್ಲಂಗಡಿ ಕೊಯ್ಯುತ್ತಿದ್ದ ಚಿಗುಸಾಳ ಚಾಕು ನಿಂತಿತು. ಅವನು ತಿರುಗಿ ನೋಡಿದ. ಅವಳು ಹಣ್ಣನ್ನೇ ನೋಡುತ್ತಿದ್ದಳು.

"ಏನ್ರೀ, ಶಿಲೆಯಾದ್ರಾ?" ಎಂದು ಬಂದಳು ಮಸಾನೊ. "ಯಾರೂ ಇಲ್ಲ ಅಲ್ಲಿ, ಕಣ್ಣು ಕಾಣಲ್ವಾ? ಅವಳ ರೈಲು ನಾಳೆ. ನಿಮ್ಮ ಮರ್ಯಾದೆ ಕಟ್ಟಿಕೊಂಡು ಕೂತ್ರೆ ಮಗಳ ಕೆಲಸ ಕೆಡುತ್ತೆ. ಹತ್ತಿ ಹುಡುಕಿ."

ಮಗಳ ಕೆಲಸ ಎಂದ ಮೇಲೆ ತೊಕುಜಿ ಸೋತ. ಜೀವಮಾನದಲ್ಲಿ ಮೊದಲ ಸಲ ಕರೆಯದ ಮನೆಗೆ ಹತ್ತಿದ. ಕಪಾಟು ತೆರೆದ. ಒಳಗೆ ಕೆಂಪು ಡಬ್ಬಿ. ಡಬ್ಬಿಯಲ್ಲಿ ಒಂದು ಪೊಟ್ಟಣ ಮದ್ದು. 'ಮದ್ದು ಸಿಕ್ಕಿತು' ಎಂದಿತು ಆಟ, ಒಂದು ಸಣ್ಣ ಖುಷಿಯ ರಾಗ ಬಾರಿಸಿ. ಚಿಗುಸಾ ಎದ್ದು ಹಣ್ಣಿನ ತಟ್ಟೆ ಹಿಡಿದು ಒಳಗೆ ಹೋದಳು. ಆಮೇಲೆ ಸಂಜೆಯವರೆಗೆ ಅವನು ಊರೂರೇ ಮಗುಚಿ ಹಾಕಿದ. ಇಪ್ಪತ್ತೊಂದು ಕಪಾಟು ತೆರೆದ. ಏನೂ ಸಿಗಲಿಲ್ಲ.

ರಾತ್ರಿಯ ಊಟದಲ್ಲಿ ಅವನ ಮುಖ ಬಾಡಿತ್ತು. "ಆ ಹತ್ತೊಂಬತ್ತು ಜನ ಕೊನೇ ಮನೆ ಬಗ್ಗೆ ಏನು ಬರೆದಿದ್ರು?" ಎಂದು ಕೇಳಿದ.

"ಖಾಲಿ ಮನೆ ಅಂತ," ಎಂದಳು ಚಿಗುಸಾ. "ಎಲ್ಲರೂ ಅದನ್ನೇ ಬರೆದಿದ್ರು." ಹೆಚ್ಚು ಹೇಳಿದರೆ ಸುಳಿವಾದೀತೆಂದು ತಟ್ಟೆ ಎತ್ತತೊಡಗಿದಳು.

"ಹೋಗ್ಲಿ ಬಿಡಿ ಅಪ್ಪ," ಎಂದಳು ಆಮೇಲೆ. "ರಾಕ್ಷಸನೂ ಪಾಪ ಎಲ್ಲಾದ್ರೂ ಇರ್ಬೇಕಲ್ಲ."

ಅವಳು ಹಾಗೆ ತಮಾಷೆಗೆ ತಿರುಗಿಸಿದ್ದು ಅವನಿಗೆ ಬೈದದ್ದಕ್ಕಿಂತ ಕಷ್ಟವಾಯಿತು. ಚಿಕ್ಕವಳಿದ್ದಾಗಲೂ ಅವನು ಪೆಟ್ಟಿಗೆ ಕಟ್ಟುವಾಗ ಅವಳು ಹೀಗೇ ಏನೋ ತಮಾಷೆ ಹೇಳಿ ಹೊರಗೆ ಆಡಲು ಹೋಗಿಬಿಡುತ್ತಿದ್ದಳು.

ಹದಿನಾರರ ಬೆಳಿಗ್ಗೆ ಎದ್ದಾಗ ತೊಕುಜಿಯ ಮನಸ್ಸಿನಲ್ಲಿ ಬಚ್ಚಿಟ್ಟ ಜಾಗದ ಯೋಚನೆ ಇರಲಿಲ್ಲ. ಅದರ ಆಸೆ ಬಿಟ್ಟಿದ್ದ. ಅವನನ್ನು ಕೊರೆಯುತ್ತಿದ್ದದ್ದು ಆ ಪೊಟ್ಟಣ. ಕೆಂಪು ಡಬ್ಬಿಯನ್ನು ತುಂಬುವುದಷ್ಟೇ ಗೊತ್ತಿದ್ದ ಕೈ ಅದರಿಂದ ಕೇಳದೆ ತೆಗೆದಿತ್ತು. ಯಾರಿಗೋ ಬೇಕಾಗಿಯೇ ಇಟ್ಟುಕೊಂಡ ಮದ್ದು ಅದು. ಮೂವತ್ತೆಂಟು ವರ್ಷದಲ್ಲಿ ಹೀಗೆ ಮಾಡಿದವನಲ್ಲ. ಮಸಾನೊ ಮಗಳ ಪ್ರಯಾಣಕ್ಕೆ ಟ್ರೌಟ್ ಮೀನಿಟ್ಟು ಒತ್ತಿದ ಅನ್ನವನ್ನು ಎಲೆಯಲ್ಲಿ ಕಟ್ಟುತ್ತಿದ್ದಳು. ಚಿಗುಸಾ ಮಹಡಿಯಲ್ಲಿ ಬಟ್ಟೆ ತುಂಬುತ್ತಿದ್ದಳು. ಅವನು ಸದ್ದಿಲ್ಲದೆ ಟೀವಿ ಹಾಕಿ, ಹುಡುಗಿಯನ್ನು ಇಳಿಜಾರು ಹತ್ತಿಸಿ, ಕೊನೆಯ ಮನೆಯ ತಗ್ಗು ನೆಲದಲ್ಲಿ ನಿಲ್ಲಿಸಿದ.

ಕ್ಷಮೆ ಕೇಳುವ ಗುಂಡಿ ಆ ಯಂತ್ರದಲ್ಲಿ ಇರಲಿಲ್ಲ. ಮದ್ದನ್ನು ವಾಪಸಿಡಲು ಮತ್ತೆ ಮೇಲೆ ಹತ್ತಬೇಕು, ಅದು ಇನ್ನೊಂದು ತಪ್ಪು. ತೊಕುಜಿ ಆಟದ ಹಿಡಿಯನ್ನು ಚಾಪೆಯ ಮೇಲಿಟ್ಟು, ಕೈಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡು, ಬಾಗಿಲಲ್ಲಿ ಕಾಯುವ ಹಾಗೆ ಕೂತ. ಮನೆಯವರು ಬರಲಿ, ಎದುರಿಗೇ ಹೇಳಿದರಾಯಿತು.

ಜೀರುಂಡೆಗಳು ಕೂಗುತ್ತಿದ್ದವು. ಒಳಗಿನವೋ ಹೊರಗಿನವೋ ತಿಳಿಯದ ಹಾಗೆ ಆಟದ ಒಳಗೂ ಜೀರುಂಡೆಗಳಿದ್ದವು. ಕಾಯುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಬಿಳಿ ಬಿಸಿಲು, ಬಾಗಿಲ ನೆರಳು, ನೆಲದ ತಂಪು. ಅವನ ಕೈಯಲ್ಲಿ ಇನ್ನೊಂದು ಕೈ ಇತ್ತು, ಬೆವೆತ ಪುಟ್ಟ ಕೈ, ಎಳೆಯುತ್ತಿತ್ತು. ಯಾವ ವರ್ಷ ಅದು? ಮಸಾನೊಗೆ ಆಪರೇಷನ್ ಆಗಿ, ಏಳು ವರ್ಷದ ಚಿಗುಸಾಳನ್ನು ನಾಲ್ಕು ದಿನ ಜೊತೆಗೆ ಕರೆದುಕೊಂಡು ಹೋದ ಬೇಸಿಗೆ. ಶಿನ್ಶುವಿನ ಕಟ್ಟಕಡೆಯ ಹಳ್ಳಿ, ತೊಮಿ ಅಜ್ಜಿಯ ಮನೆ. ಕೂಗಿ ಎಷ್ಟೋ ಹೊತ್ತಾಗಿತ್ತು. ಅಪ್ಪ, ಯಾರೂ ಇಲ್ಲ, ಹೋಗೋಣ ಎಂದು ಮಗು ಅಳುಮೋರೆ ಮಾಡಿತ್ತು. ಅವನು ಏನೋ ಹೇಳಿದ್ದ. ಏನು ಹೇಳಿದ್ದೆ ಎಂದು ನೆನಪಿಸಿಕೊಳ್ಳುತ್ತಿರುವಾಗಲೇ ಪರದೆಯಲ್ಲಿ ಏನೋ ಅಲ್ಲಾಡಿತು.

ಹಿಂದಿನ ಕಾಗದದ ಬಾಗಿಲು ಒಂದು ಗೆರೆಯಷ್ಟು ಸರಿಯಿತು. ಇನ್ನೊಂದು ಗೆರೆ. ಅದರೊಳಗಿಂದ ಒಂದು ಸಣ್ಣ ಬಾಗಿದ ಆಕೃತಿ ಹೊರಗೆ ಬಂತು. ಎರಡು ಹೆಜ್ಜೆ ಇಟ್ಟು ನಿಂತಿತು, ಕಪಾಟು ಹಿಡಿದು ಸುಧಾರಿಸಿಕೊಂಡಿತು, ಮತ್ತೆರಡು ಹೆಜ್ಜೆ. ಅಲ್ಲಿಂದ ಮೇಲಿನ ಹಲಗೆ ನೆಲದ ಅಂಚಿಗೆ ಬರಲು ಒಂದು ನಿಮಿಷವೇ ಹಿಡಿಯಿತು. ಕೆಳಗೆ ಅಕ್ಷರಗಳು ಒಂದೊಂದಾಗಿ ಮೂಡಿದವು.

'ಬಂದೆ, ಬಂದೆ. ಕಾಲು ಬರೋದು ತಡ.'

ಆ ನಾಡಿನ ಜನಕ್ಕೆಲ್ಲ ಒಂದೇ ವಾಕ್ಯ. ಅಜ್ಜಿಯ ವಾಕ್ಯ ಮುಗಿಯಿತೆಂದುಕೊಂಡ. ಆದರೆ ಅಕ್ಷರಗಳು ಮತ್ತೆ ಮೂಡಿದವು.

'ನಿಂತೇ ಇದ್ದೆಯಾ? ಎಲ್ಲರೂ ಹೊರಟುಬಿಡ್ತಾರೆ. ಮದ್ದಿನವರ ಮಗಳು ಅಲ್ವಾ ನೀನು? ಅಪ್ಪನ ಜೊತೆ ಬಂದಿದ್ದೆ. ಎಷ್ಟು ದೊಡ್ಡವಳಾದೆ.'

ಅಜ್ಜಿ ಕೈ ಚಾಚಿದಳು. ಅಂಗೈಯಲ್ಲಿ ಕೆಂಪು, ಬಿಳಿ, ನೀಲಿ ಪಟ್ಟೆಯ ಒಂದು ಕಾಗದದ ಬಲೂನು. ದೂರದಲ್ಲಿ ಬೆಟ್ಟ, ಆಟ ಶುರುವಾದಂದಿನಿಂದ ಮೊದಲ ಸಲ, ಅವಳ ಮಾತನ್ನು ಮೆಲ್ಲಗೆ ಮರಳಿ ಹೇಳಿತು: ದೊಡ್ಡವಳಾದೆ, ದೊಡ್ಡವಳಾದೆ.

ತೊಕುಜಿ ಚಾಪೆಗೆ ಹಣೆ ಮುಟ್ಟುವಷ್ಟು ಬಾಗಿ ಟೀವಿಗೆ ವಂದಿಸಿದ. "ನಿನ್ನೆ ಕೇಳದೆ ಒಂದು ಪೊಟ್ಟಣ ತಗೊಂಡಿದ್ದೆ, ಅಮ್ಮ. ತಪ್ಪಾಯ್ತು," ಎಂದ.

"ಯಾರ ಹತ್ರ ರೀ ಮಾತು?" ಎಂದಳು ಮಸಾನೊ ಒಳಗಿಂದ.

"ಕೊನೇ ಮನೆಯವರ ಹತ್ರ."

"ಖಾಲಿ ಅಂದ್ರಲ್ಲ ಅದನ್ನ."

"ಇದಾರೆ. ಏಳೋದು ಅವರಿಗೆ ತಡ, ಅಷ್ಟೇ."

ಮೆಟ್ಟಿಲ ಮೇಲೆ ಸದ್ದಾಯಿತು. ಚಿಗುಸಾ ಅರ್ಧ ದಾರಿಯಲ್ಲಿ, ಮಡಿಸಿದ ಅಂಗಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳುವ ಗೊಡವೆಗೂ ಹೋಗಿರಲಿಲ್ಲ.

"ಅವತ್ತು ನೀವು ಅದನ್ನೇ ಹೇಳಿದ್ರಿ ಅಪ್ಪ," ಎಂದಳು. "ಮುದುಕರ ಕಾಲು, ನಮ್ಮ ಕಾಲಲ್ಲ. ಏಳೋ ಹೊತ್ತು ಕೊಡ್ಬೇಕು ಅಂತ."

"ಹೇಳಿದ್ದೆ, ಅಲ್ವಾ," ಎಂದ ತೊಕುಜಿ. ಮಗಳನ್ನು ಬಿಟ್ಟು ದೂರವಿದ್ದ ವರ್ಷಗಳನ್ನೆಲ್ಲ ಅವನು ನಷ್ಟ ಎಂದೇ ಬಗೆದಿದ್ದ. ಜೊತೆಗಿದ್ದ ನಾಲ್ಕು ದಿನವನ್ನು ಅವಳು ಹೀಗೆ ಜೋಪಾನ ಮಾಡಿದ್ದಾಳೆಂದು ಅವನಿಗೆ ಹೇಗೆ ಗೊತ್ತಾಗಬೇಕು. ಅವನು ಪೆನ್ಸಿಲು ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದ.

ಪುಸ್ತಕದಲ್ಲಿ ಬರೆದದ್ದು ಐದೇ ಸಾಲು. 'ಕೊನೆಯ ಹಳ್ಳಿ, ಕೊನೆಯ ಮನೆ. ಅಜ್ಜಿ ಒಬ್ಬರೇ. ಕಾಲು ನೋವು, ಮಾತು ಚೆನ್ನಾಗಿದೆ. ಬಾಗಿಲಲ್ಲೇ ಕಾಯಬೇಕು, ಮೇಲೆ ಹತ್ತಬಾರದು. ಬರುತ್ತಾರೆ.' ತಾರೀಖು ಹಾಕಿ, ಕಸುಬಿನ ಮೊಹರು ಒತ್ತಿ, ಪುಟವನ್ನು ಅಳತೆಗೋಲು ಇಟ್ಟು ನೀಟಾಗಿ ಹರಿದುಕೊಟ್ಟ. ಆ ಪುಸ್ತಕದಿಂದ ಅವನು ಪುಟ ಹರಿದದ್ದು ಅದೊಂದೇ ಸಲ. ಮುಂದಿನ ವಸಂತದಲ್ಲಿ ಆಟ ಅಂಗಡಿಗೆ ಬಂದಾಗ ಕೊನೆಯ ಮನೆ ಅದರಲ್ಲಿತ್ತು. ಆರು ಕೈಯವನಿಗೆ ಬೇರೆಲ್ಲೋ ಜಾಗ ಸಿಕ್ಕಿತಂತೆ, ಎರಡು ಕೈ ಕಡಿಮೆಯಾಗಿ.

ಅವತ್ತು ಮಧ್ಯಾಹ್ನ ಹೊರಡುವ ಹೊತ್ತು. ಚಿಗುಸಾ ಚೀಲ ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ ಬಾಗಿಲ ತಗ್ಗಿನಲ್ಲಿ ನಿಂತಿದ್ದಳು. ಮಸಾನೊ ಬುತ್ತಿಯ ಗಂಟು ಹಿಡಿದು ಆಗಲೇ ಬೀದಿಗೆ ಇಳಿದಿದ್ದಳು. ಒಳಗೆ ತೊಕುಜಿ ಚಾಪೆಯಿಂದ ಏಳಲು ಹೊರಟಿದ್ದ. ಒಂದು ಕೈ ನೆಲಕ್ಕೆ, ಒಂದು ಕೈ ಮೇಜಿಗೆ. ಬಲಮಂಡಿ ಹಟ ಮಾಡಿತು. ಮತ್ತೆ ಕೂತ, ಮತ್ತೆ ಎತ್ತಿದ.

"ರೈಲು ತಪ್ಪುತ್ತೆ ಕಣೇ," ಎಂದು ಬೀದಿಯಿಂದ ಕೂಗಿದಳು ಮಸಾನೊ. "ಅಲ್ಲಿಂದಲೇ ಹೋಗಿಬರ್ತೀನಿ ಅಂತ ಹೇಳಿ ಬಾ."

ಚಿಗುಸಾ ಒಳಗೆ ಕೂಗಲೂ ಇಲ್ಲ, ಎತ್ತಲು ಹತ್ತಿ ಬರಲೂ ಇಲ್ಲ. ಎರಡು ಕೈಯನ್ನೂ ಮುಂದೆ ಜೋಡಿಸಿಕೊಂಡು ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು, ಅಪ್ಪ ಎದ್ದು ಬರುವ ತನಕ.